ಉಪ್ಪುಪ್ರಿಯ ಆರ್ಕಿಯಾಕ್ಕೆ ಪ್ಲಾಸ್ಮಿಡ್ ಸೇರಿಸಿದ ಬಗೆ: ನನ್ನ ಅನುಭವ

ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ, ಮೃತ ಸಮುದ್ರ ಮೂಲದ ಹ್ಯಾಲೊಫೆರಾಕ್ಸ್ ವೊಲ್ಕಾನಿ ಎಂಬ ಆರ್ಕಿಯಾಕ್ಕೆ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿನ ಏಕಕೋಶ ಜೀವಿ) ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಪುಟ್ಟ ಡಿಎನ್‌ಎ ಉಂಗುರ) ಸೇರಿಸಲು ಹೊರಟಾಗ, ಇಡಿಟಿಎ ಎಂಬ ರಾಸಾಯನಿಕದಿಂದ ಅದರ ಹೊರಗಿನ ಪ್ರೋಟೀನ್ ಹೊದಿಕೆಯಾದ ಎಸ್-ಪದರವನ್ನು ಕಳಚಿ, ಡಿಎನ್‌ಎ ಒಳಹೋಗಲು ನೆರವಾಗುವ ಪಿಇಜಿ ಎಂಬ ರಾಸಾಯನಿಕ ಬಳಸಿದರೂ, ಪ್ಲಾಸ್ಮಿಡ್ ಪಡೆದ ಕೋಶಗಳನ್ನಷ್ಟೇ ಬೆಳೆಯಬಿಡುವ ನೊವೊಬಯೋಸಿನ್ ಪ್ರತಿಜೀವಕ ಬೆರೆಸಿದ ತಟ್ಟೆಗಳಲ್ಲಿ ಕಾಲೊನಿಗಳು (ಕೋಶಗಳ ಗುಂಪುಗಳು) ಬೆರಳೆಣಿಕೆಯಷ್ಟೇ ಮೂಡುತ್ತಿದ್ದವು. ತೊಡಕಿದ್ದುದು, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆದ ಪ್ಲಾಸ್ಮಿಡ್‌ನಲ್ಲೇ. ಸಾಮಾನ್ಯ ಇ. ಕೋಲಿ ತಳಿಗಳ ಡ್ಯಾಮ್ ಕಿಣ್ವವು ಡಿಎನ್‌ಎಯ ಜಿಎಟಿಸಿ ಅಕ್ಷರ ಸರಣಿಯ ಅಡೆನಿನ್‌ಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪನ್ನು ಜೋಡಿಸುತ್ತದೆ; ಹಾಗೆ ಗುರುತಾದ ಡಿಎನ್‌ಎಯನ್ನು ಈ ಆರ್ಕಿಯಾದ ಎಂಆರ್‌ಆರ್ ಕಿಣ್ವವು ಪರಕೀಯವೆಂದು ಕತ್ತರಿಸಿಬಿಡುತ್ತದೆ. ಆದ್ದರಿಂದ ಪ್ಲಾಸ್ಮಿಡ್ ಅನ್ನು ಡ್ಯಾಮ್ ಜೀನ್ ಇಲ್ಲದ ಇ. ಕೋಲಿಯಲ್ಲಿ ಬೆಳೆಸಿ ತೆಗೆದೆ. ತಟ್ಟೆ ತುಂಬ ಕಾಲೊನಿಗಳು ಬಂದವು. ಎಂಆರ್‌ಆರ್ ಜೀನನ್ನೇ ಅಳಿಸಿದ ಆರ್ಕಿಯಾ ತಳಿ ದೊರೆತವರಿಗೆ ಈ ಸುತ್ತು ಬೇಡ. ಇನ್ನು 45 ಡಿಗ್ರಿಯಲ್ಲಿ ದಿನಗಟ್ಟಲೆ ಇಡುವ ತಟ್ಟೆಗಳು, ನಮ್ಮ ಒಣ ಬೇಸಿಗೆಯಲ್ಲಂತೂ, ಬೇಗನೆ ಆರಿ ಉಪ್ಪಿನ ಹರಳು ಕಟ್ಟುವುದರಿಂದ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಡಬೇಕು.