ಜೀನು ಹಾಕುವ ಮುನ್ನ: ಪಂದ್ಯದ ಕುದುರೆಯ ದಿನನಿತ್ಯದ ಆರೈಕೆ

ಪಂದ್ಯದ ಕುದುರೆಗಳನ್ನು ತರಬೇತುಗೊಳಿಸುವ ಲಾಯಗಳಲ್ಲಿ ಕೆಲಸ ನಸುಕಿಗೂ ಮೊದಲೇ ಶುರುವಾಗುತ್ತದೆ. ಬೆಳಗಿನ ಓಟಕ್ಕೆ ಹೊತ್ತಾಗುತ್ತದೆ ಎಂಬ ಆತುರ ಎಲ್ಲರಿಗೂ ಇರುವುದು ಸಹಜವಾದರೂ, ಜೀನು ಹಾಕುವ ಮುನ್ನ ನಡೆಸುವ ತಪಾಸಣೆಗಿಂತ ಮುಖ್ಯವಾದ ಕೆಲಸ ಆ ದಿನದಲ್ಲಿ ಮತ್ತೊಂದಿಲ್ಲ.

ಮೊದಲು ಗೋದಲಿಯನ್ನು ನೋಡಬೇಕು. ರಾತ್ರಿ ಹಾಕಿದ ಧಾನ್ಯ ಹಾಗೆಯೇ ಉಳಿದಿದ್ದರೆ ಅದೇ ಮೊದಲ ಎಚ್ಚರಿಕೆ. ಲದ್ದಿ ಎಂದಿನಷ್ಟೇ ಬಿದ್ದಿದೆಯೇ, ಸರಿಯಾಗಿ ಉಂಡೆ ಕಟ್ಟಿದೆಯೇ ಎಂಬುದನ್ನೂ ಗಮನಿಸಬೇಕು. ಬಳಿಕ ಕುದುರೆಯ ನೇರ ಹಿಂದೆ ನಿಲ್ಲದೆ, ಪಕ್ಕದಲ್ಲಿ ನಿಂತು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಉಷ್ಣತೆ ನೋಡಬೇಕು. ವಿಶ್ರಾಂತಿಯಲ್ಲಿರುವ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ದವಡೆಯ ಕೆಳಗಿನ ರಕ್ತನಾಳದಲ್ಲಿ ನಾಡಿ ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. ಉಸಿರಾಟ 8ರಿಂದ 16. ಆದರೆ ಪ್ರತಿ ಕುದುರೆಗೂ ತನ್ನದೇ ಆದ ಸಹಜ ಸ್ಥಿತಿ ಇರುವುದರಿಂದ, ಪುಸ್ತಕದ ಅಂಕಿಗಿಂತ ಅದೇ ಕುದುರೆಯ ನಿನ್ನೆಯ ಅಂಕಿಯೇ ಹೆಚ್ಚು ಉಪಯುಕ್ತ. ಆದ್ದರಿಂದ ದಿನವೂ ಬರೆದಿಡಬೇಕು.

ಇನ್ನು ಕಾಲುಗಳು. ಇಲ್ಲಿ ಎಷ್ಟು ಹೊತ್ತು ಕಳೆದರೂ ಹೆಚ್ಚಲ್ಲ. ನಿಂತ ಕುದುರೆಯ ತೂಕದ ಸುಮಾರು ಶೇ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ನಾಗಾಲೋಟದಲ್ಲಿ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಇಳಿಯುವ ಸ್ನಾಯುರಜ್ಜು ತನ್ನ ಮಿತಿಯ ಅಂಚಿನವರೆಗೆ ಹಿಗ್ಗುತ್ತದೆ. ಪಟ್ಟಿ ಕಟ್ಟಿದ್ದರೆ ಅದನ್ನು ಬಿಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಏಕೆಂದರೆ ಪಟ್ಟಿಯಡಿಯ ಕಾಲು ಹೇಗಿದ್ದರೂ ಬೆಚ್ಚಗಿರುತ್ತದೆ. ನಂತರ ಕಾಲನ್ನು ಎತ್ತಿ ಮಡಚಿ, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ರಜ್ಜುವನ್ನು ಹಿಡಿದು ಮೇಲಿನಿಂದ ಕೆಳಗೆ ಇಂಚಿಂಚೂ ಒತ್ತುತ್ತಾ ಬರಬೇಕು. ಆರೋಗ್ಯವಂತ ರಜ್ಜು ಬಿಗಿಯಾಗಿ, ಅಂಚು ಸ್ಪಷ್ಟವಾಗಿ ಕೈಗೆ ಸಿಗುತ್ತದೆ. ಒಂದೆಡೆ ಮೆತ್ತಗೆ, ದಪ್ಪಗೆ ಅಥವಾ ಬಿಸಿಯಾಗಿ ತೋರಿದರೆ, ಒತ್ತಿದಾಗ ಕುದುರೆ ಕಾಲೆಳೆದುಕೊಂಡರೆ, ಕುಂಟು ಇಲ್ಲದಿದ್ದರೂ ಆ ದಿನ ಓಡಿಸಬಾರದು. ಅನುಮಾನವಿದ್ದರೆ ಇನ್ನೊಂದು ಕಾಲಿನೊಂದಿಗೆ ಹೋಲಿಸಿ, ಪಶುವೈದ್ಯರಿಂದ ಅಲ್ಟ್ರಾಸೌಂಡ್ ಮಾಡಿಸಬೇಕು. ಈ ಹಂತದಲ್ಲಿ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಮುಗಿಯಬಹುದಾದ ತೊಂದರೆ, ಒಂದು ಬೆಳಗಿನ ಹಟದಿಂದ ತಿಂಗಳುಗಟ್ಟಲೆಯ ವಿಶ್ರಾಂತಿಗೆ ಬೆಳೆಯುತ್ತದೆ.

ಗೊರಸನ್ನು ಹಿಮ್ಮಡಿಯ ಕಡೆಯಿಂದ ತುದಿಯತ್ತ ಕೆರೆದು ಸ್ವಚ್ಛಗೊಳಿಸಿ, ಲಾಳ ಸಡಿಲವಾಗಿದೆಯೇ ನೋಡಬೇಕು. ಗೊರಸು ಬಿಸಿಯಾಗಿದ್ದು, ಅದರ ಮೇಲ್ಭಾಗದಲ್ಲಿ ನಾಡಿ ಜೋರಾಗಿ ಬಡಿಯುತ್ತಿದ್ದರೆ ಒಳಗೆ ಕೀವು ಅಥವಾ ಉರಿಯೂತವಿರಬಹುದು. ಲಾಳವನ್ನು ಸಾಮಾನ್ಯವಾಗಿ 4ರಿಂದ 6 ವಾರಗಳಿಗೊಮ್ಮೆ ಬದಲಿಸುತ್ತಾರೆ.

ಓಟ ಮುಗಿಸಿ ಬಂದ ಕುದುರೆಯ ಮೂಗಿನ ಹೊಳ್ಳೆಗಳಲ್ಲಿ ರಕ್ತವಿದೆಯೇ ನೋಡಿ, ಮೈಮೇಲೆ ತಣ್ಣೀರು ಸುರಿಯುತ್ತಾ, ನಡೆಸುತ್ತಾ ತಣಿಸಬೇಕು. ಬೆವರಿದ ಕುದುರೆಗೆ ಕುಡಿಯಲು ನೀರು ಕೊಡಬಾರದೆಂಬ ಹಳೆಯ ನಂಬಿಕೆಯನ್ನು ಬಿಡುವುದು ಒಳ್ಳೆಯದು.

ಮೇವಿನ ವಿಷಯದಲ್ಲಿ ಹೊಟ್ಟೆಯ ರಚನೆಯನ್ನು ಅರಿತಿರಬೇಕು. ಕುದುರೆಯ ಜಠರ ಚಿಕ್ಕದು; 8ರಿಂದ 15 ಲೀಟರ್ ಹಿಡಿಯುತ್ತದೆ. ಅದರಲ್ಲಿ ಆಮ್ಲ ದಿನವಿಡೀ ಸ್ರವಿಸುತ್ತಲೇ ಇರುವುದರಿಂದ, ಬಹಳ ಹೊತ್ತು ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ತರಬೇತಿಯಲ್ಲಿರುವ ಕುದುರೆಗಳಲ್ಲಿ ಈ ಹುಣ್ಣು ತೀರಾ ಸಾಮಾನ್ಯ. ದೇಹತೂಕದ ಕನಿಷ್ಠ ಶೇ 1.5ರಷ್ಟು, ಎಂದರೆ 500 ಕಿಲೋ ತೂಗುವ ಕುದುರೆಗೆ ಏಳೂವರೆ ಕಿಲೋ ಒಣಹುಲ್ಲನ್ನು ದಿನಕ್ಕೆ ಕೊಡಬೇಕು. ಧಾನ್ಯವನ್ನು ಮೂರು ನಾಲ್ಕು ಸಣ್ಣ ಪಾಲುಗಳಾಗಿ ಹಂಚಬೇಕು. ವಿಶ್ರಾಂತಿಯ ದಿನ ಧಾನ್ಯ ಕಡಿಮೆ ಮಾಡದಿದ್ದರೆ ಮರುದಿನ ಸ್ನಾಯುಗಳು ಸೆಟೆದುಕೊಳ್ಳುವ ಅಪಾಯವಿದೆ.

ಕುದುರೆ ನೆಲ ಕೆರೆಯುತ್ತಾ, ಪದೇ ಪದೇ ಹೊಟ್ಟೆಯತ್ತ ತಿರುಗಿ ನೋಡುತ್ತಾ, ಮಲಗಿ ಹೊರಳಾಡುತ್ತಿದ್ದರೆ ಅದು ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಆಗದ ಕಾರಣ ಇದು ಪ್ರಾಣಾಂತಿಕವಾಗಬಲ್ಲದು. ತಕ್ಷಣ ಮೇವು ತೆಗೆದು ಪಶುವೈದ್ಯರನ್ನು ಕರೆಯಬೇಕು. ಅವರನ್ನು ಕೇಳದೆ ನೋವಿನ ಔಷಧ ಕೊಟ್ಟರೆ ಲಕ್ಷಣಗಳು ಮರೆಯಾಗಿ ರೋಗನಿರ್ಣಯ ತಡವಾಗುತ್ತದೆ. ಪಂದ್ಯದ ಔಷಧ ಪರೀಕ್ಷೆಯಲ್ಲೂ ಅದು ಸಿಕ್ಕಿಬೀಳಬಹುದು. ವೈದ್ಯರು ಬರುವಷ್ಟರಲ್ಲಿ ನಾಡಿಯ ಗತಿ, ಉಷ್ಣತೆ ಮತ್ತು ಕೊನೆಯ ಬಾರಿ ಲದ್ದಿ ಹಾಕಿದ ವೇಳೆಯನ್ನು ಬರೆದಿಟ್ಟುಕೊಂಡಿರಬೇಕು.