ನೇತ್ರಾಣಿಯ ದೋಣಿ: ಏಣಿ ಹತ್ತುವಾಗ ಇರಲಿ ಎಚ್ಚರ

ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದು, ಒಂದೂವರೆ ಗಂಟೆಯ ದಾರಿ. ದ್ವೀಪದ ಸುತ್ತ ಕಡಿದಾದ ಬಂಡೆಗಳಿರುವುದರಿಂದ, ಸ್ಕೂಬಾ ಡೈವ್‌ಗೆ (ಗಾಳಿಯ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ನೀರಿನಾಳಕ್ಕೆ ಇಳಿಯಲು) ಹೋದವರಿಗೆ ದಿನವಿಡೀ ನೆಲವೆಂದರೆ ಆ ಸಣ್ಣ ದೋಣಿಯೇ. ನೀರಿನಾಳದ ಬಗ್ಗೆ ಎಲ್ಲರೂ ಹೆದರುತ್ತಾರೆ, ತರಬೇತುದಾರರಿಗೆ ಹತ್ತು ಪ್ರಶ್ನೆ ಹಾಕುತ್ತಾರೆ. ದೋಣಿಯ ಬಗ್ಗೆ ಕೇಳುವವರನ್ನು ನಾನು ಕಂಡದ್ದು ಅಪರೂಪ. ಆದರೆ ಜಜ್ಜಿದ ಬೆರಳು, ಒಡೆದ ಗದ್ದ, ಸಿಲಿಂಡರ್ ಬಿದ್ದು ಊದಿಕೊಂಡ ಪಾದ, ನಾನು ನೋಡಿದ ಇಂಥ ಪೆಟ್ಟುಗಳೆಲ್ಲ ಆಗಿದ್ದು ದೋಣಿಯ ಅಂಚಿನಲ್ಲಿಯೇ.

ಹೆಜ್ಜೆ 1. ಬೆಳಗಿನ ಮೊದಲ ದೋಣಿಯಲ್ಲೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಅಲೆಗಳು ಏಳುತ್ತವೆ.

ಹೆಜ್ಜೆ 2. ಹತ್ತುವ ಮೊದಲು ಮೂರು ವಸ್ತುಗಳನ್ನು ಕಣ್ಣಾರೆ ನೋಡಿ: ಎಲ್ಲರಿಗೂ ಆಗುವಷ್ಟು ಲೈಫ್ ಜಾಕೆಟ್, ಆಮ್ಲಜನಕದ ಕಿಟ್, ವೈರ್‌ಲೆಸ್ ಸೆಟ್. ‘ಇದೆ ಸರ್’ ಎಂಬ ಉತ್ತರ ಸಾಲದು, ತೆಗೆದು ತೋರಿಸಲು ಹೇಳಿ. ತೋರಿಸಲು ಬೇಸರಪಡುವವರ ದೋಣಿ ಹತ್ತಬೇಡಿ. ಕಟ್ಟಿದ ಮುಂಗಡ ಹೋದರೂ ಹೋಗಲಿ. ಕರಾವಳಿ ಕಾವಲು ಪೊಲೀಸರ 1093 ಮತ್ತು ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗಳು ನಿಮ್ಮ ಮೊಬೈಲ್‌ನಲ್ಲಿರಲಿ.

ಹೆಜ್ಜೆ 3. ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತ ನೋಡಿ. ಹಿಂಬದಿಯಲ್ಲಿ ಕುಳಿತರೆ ಡೀಸೆಲ್ ಹೊಗೆಗೇ ಹೊಟ್ಟೆ ತೊಳಸುತ್ತದೆ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ಮಂಪರು ತರುತ್ತವೆ. ಡೈವ್ ದಿನವೇ ಮೊದಲ ಬಾರಿಗೆ ನುಂಗುವ ಪ್ರಯೋಗ ಬೇಡ. ಮೊದಲೇ ವೈದ್ಯರನ್ನು ಕೇಳಿ, ಮನೆಯಲ್ಲಿ ಒಮ್ಮೆ ತೆಗೆದುಕೊಂಡು ನೋಡಿರಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಬನ್ಸ್ ಮತ್ತು ಪೂರಿಯನ್ನು ಸಂಜೆಗೆ ಇಟ್ಟುಕೊಳ್ಳಿ.

ಸಾಮಾನಿನ ಬಗ್ಗೆಯೂ ಒಂದು ಮಾತು. ಇಡೀ ಮುಖ ಮುಚ್ಚುವ ಅಗ್ಗದ ಸ್ನಾರ್ಕೆಲ್ ಮಾಸ್ಕ್‌ಗಳನ್ನು ಕೆಲವರು ಆನ್‌ಲೈನ್‌ನಲ್ಲಿ ತರಿಸಿಕೊಂಡು ಬರುತ್ತಾರೆ. ಅದರಲ್ಲಿ ಮೂಗು ಹಿಡಿದು ಕಿವಿಯ ಒತ್ತಡ ಸರಿಪಡಿಸಿಕೊಳ್ಳಲು ಆಗುವುದಿಲ್ಲ, ಗಾಬರಿಯಾದಾಗ ಬೇಗ ಕಳಚುವುದೂ ಕಷ್ಟ. ಡೈವ್‌ಗೆ ಅದು ಖಂಡಿತ ಬೇಡ. ಮೊಬೈಲ್ ಚೀಲವನ್ನು ಕುತ್ತಿಗೆಗೆ ನೇತುಹಾಕಿಕೊಳ್ಳುವುದೂ ಬೇಡ. ಆ ದಾರ ಏಣಿಗೆ ಸಿಕ್ಕಿಕೊಂಡು ಕುತ್ತಿಗೆ ಬಿಗಿದದ್ದನ್ನು ನಾನೇ ನೋಡಿದ್ದೇನೆ.

ಹೆಜ್ಜೆ 4. ನೀರಿಗೆ ಇಳಿಯುವುದು ಸುಲಭ. ಅಂಚಿನಲ್ಲಿ ಕುಳಿತು, ಮಾಸ್ಕ್ ಮತ್ತು ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಎರಡನ್ನೂ ಅಂಗೈಯಿಂದ ಒತ್ತಿ ಹಿಡಿದು, ಹಿಂದೆ ನೀರಿನಲ್ಲಿ ಯಾರೂ ಇಲ್ಲವೆಂದು ಜೊತೆಗಾರರು ಹೇಳಿದ ಮೇಲೆ ಬೆನ್ನ ಮೇಲೆ ಉರುಳಿ. ಫಿನ್ಸ್ (ಈಜಲು ಪಾದಕ್ಕೆ ತೊಡುವ ರೆಕ್ಕೆ) ಹಾಕಿಕೊಂಡು ದೋಣಿಯಲ್ಲಿ ನಡೆದಾಡಬೇಡಿ.

ಹೆಜ್ಜೆ 5. ಹತ್ತಿ ಬರುವುದು. ಜನ ಎಡವುವುದು ಇಲ್ಲಿ. ಮೇಲೆ ಬಂದ ಸಂತೋಷಕ್ಕೆ ಮಾಸ್ಕ್ ಹಣೆಗೇರಿಸುತ್ತಾರೆ, ರೆಗ್ಯುಲೇಟರ್ ಉಗುಳುತ್ತಾರೆ, ಎಲ್ಲರೂ ಒಟ್ಟಿಗೆ ಏಣಿಗೆ ಮುಗಿಬೀಳುತ್ತಾರೆ. ಅದೇ ಹೊತ್ತಿಗೆ ಒಂದು ಅಲೆ ಬಂದರೆ ದೋಣಿಯ ಹಿಂಬದಿ ಎತ್ತರಕ್ಕೆ ಹೋಗಿ ಏಣಿಯ ಸಮೇತ ಧೊಪ್ಪನೆ ಕೆಳಗಿಳಿಯುತ್ತದೆ. ಕೆಳಗಿದ್ದ ತಲೆಗೆ ಅದರ ಏಟು ಚಿಕ್ಕದಲ್ಲ.

ಆದ್ದರಿಂದ ಮೇಲೆ ಬಂದೊಡನೆ ಬಿಸಿಡಿ ಜಾಕೆಟ್‌ಗೆ (ಸಿಲಿಂಡರ್ ಕಟ್ಟಿರುವ, ಗಾಳಿ ತುಂಬಿದರೆ ತೇಲಿಸುವ ಜಾಕೆಟ್) ಪೂರ್ತಿ ಗಾಳಿ ತುಂಬಿ. ಮಾಸ್ಕ್ ಮುಖದಲ್ಲೇ ಇರಲಿ, ರೆಗ್ಯುಲೇಟರ್ ಬಾಯಲ್ಲೇ ಇರಲಿ. ದೋಣಿಯಿಂದ ದೂರವಿದ್ದು, ದೋಣಿ ನಡೆಸುವವರ ಕಣ್ಣಿಗೆ ಕಾಣುವಂತೆ ಒಂದು ಬದಿಗೆ ತೇಲಿ. ಎಂಜಿನ್ ನ್ಯೂಟ್ರಲ್‌ನಲ್ಲಿದೆ ಎಂಬ ಮಾತು ನನಗೆ ಸಾಲದು. ಸದ್ದು ಪೂರ್ತಿ ನಿಂತು, ಅವರು ಕೈ ಮಾಡಿ ಕರೆದ ಮೇಲೆಯೇ ಹತ್ತಿರ ಹೋಗಿ.

ಏಣಿಗೆ ಒಬ್ಬರೇ. ಉಳಿದವರು ದೋಣಿಯಿಂದ ನೀರಿಗೆ ಬಿಟ್ಟಿರುವ ಹಗ್ಗ ಹಿಡಿದು ಬದಿಯಲ್ಲಿರಲಿ, ಏಣಿಯ ಕೆಳಗೆ ಯಾರೂ ಬೇಡ. ಕೈ ಜಾರಿದರೆ ಮೇಲಿನಿಂದ ಬೀಳುವುದು ಮನುಷ್ಯ ಮಾತ್ರವಲ್ಲ, ಬೆನ್ನಿಗಿರುವ ಹದಿನೈದು ಕಿಲೋ ತೂಕದ ಸಿಲಿಂಡರ್ ಕೂಡ.

ಕಳಚುವುದಕ್ಕೂ ಒಂದು ಕ್ರಮವಿದೆ. ಮೊದಲು ತೂಕದ ಬೆಲ್ಟ್ (ನೀರಿನಲ್ಲಿ ಮುಳುಗಲು ಸೊಂಟಕ್ಕೆ ಕಟ್ಟಿದ ಭಾರದ ಪಟ್ಟಿ) ಬಿಚ್ಚಿ ದೋಣಿಯವರ ಕೈಗೆ ಕೊಡಿ. ಜಾಕೆಟ್ ಮೊದಲು ತೆಗೆದರೆ ತೇಲಿಸುವುದು ಹೋಗಿ ಮುಳುಗಿಸುವುದು ಉಳಿಯುತ್ತದೆ. ಬೆಲ್ಟ್ ಆದ ಮೇಲೆ ರೆಗ್ಯುಲೇಟರ್ ಬಿಟ್ಟು, ಸಿಲಿಂಡರ್ ಸಮೇತ ಜಾಕೆಟ್ ಕೊಡಿ. ಫಿನ್ಸ್ ಕೊನೆಗೆ, ಅದೂ ಒಂದು ಕೈ ಏಣಿಯನ್ನು ಗಟ್ಟಿಯಾಗಿ ಹಿಡಿದಿರುವಾಗ. ಫಿನ್ಸ್ ಇಲ್ಲದೆ ಕೈ ಬಿಟ್ಟರೆ ನೇತ್ರಾಣಿಯ ಸೆಳೆತ ನಿಮ್ಮನ್ನು ಕೊಂಡೊಯ್ಯುತ್ತದೆ. ಸಿಲಿಂಡರ್ ಬೆನ್ನ ಮೇಲಿಟ್ಟುಕೊಂಡೇ ಹತ್ತುವುದಾದರೆ ರೆಗ್ಯುಲೇಟರ್ ಬಾಯಿಂದ ತೆಗೆಯುವುದು ಕುಳಿತ ಮೇಲೆ.

ಏಣಿಯ ಮೆಟ್ಟಿಲು ಹಿಡಿಯಬೇಡಿ, ಎರಡೂ ಬದಿಯ ಕಂಬಿ ಹಿಡಿಯಿರಿ. ಏಣಿಗೂ ದೋಣಿಯ ಮೈಗೂ ನಡುವೆ ಬೆರಳು ಹೋಗದಿರಲಿ. ಒಂದೆರಡು ಅಲೆಗಳನ್ನು ಸುಮ್ಮನೆ ನೋಡಿ. ಏಣಿ ಕೆಳಗಿಳಿದ ಕ್ಷಣದಲ್ಲಿ ಕಾಲಿಟ್ಟರೆ ಮುಂದಿನ ಅಲೆ ನಿಮ್ಮನ್ನು ತಾನೇ ಎತ್ತಿಕೊಡುತ್ತದೆ. ಏಣಿ ಮೇಲೇರುವಾಗ ಕಾಲು ಹುಡುಕಲು ಹೋದರೆ ಮೊಣಕಾಲಿಗೆ ಏಟು ಖಚಿತ. ಹತ್ತಲು ಶುರು ಮಾಡಿದ ಮೇಲೆ ನಡುವೆ ನಿಲ್ಲಬೇಡಿ. ಮೇಲೆ ತಲುಪಿದೊಡನೆ ಎದ್ದು ನಿಲ್ಲದೆ, ಮಂಡಿಯಲ್ಲೇ ಒಳಗೆ ಸರಿದು ಕುಳಿತುಕೊಳ್ಳಿ. ಬಳಸಿದ ಸಿಲಿಂಡರ್‌ಗಳನ್ನು ಕಟ್ಟಿದ್ದಾರೆಯೇ ನೋಡಿ.

ಹೆಜ್ಜೆ 6. ಹೊರಡುವ ಮೊದಲು ಹೆಸರು ಕೂಗಿಸಿ. ತಲೆ ಎಣಿಸಿದರೆ ಸಾಲದು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಣಿಕೆ ತಪ್ಪಿ ದೋಣಿಯೊಂದು ಇಬ್ಬರು ಪ್ರವಾಸಿಗಳನ್ನು ಸಮುದ್ರದಲ್ಲೇ ಬಿಟ್ಟು ಬಂತು. ಅವರಿಲ್ಲವೆಂಬುದು ಗೊತ್ತಾಗಿದ್ದು ಎರಡು ದಿನಗಳ ನಂತರ. ಅವರು ಮತ್ತೆ ಸಿಗಲೇ ಇಲ್ಲ. ಯಾರೂ ಹೆಸರು ಕೂಗದಿದ್ದರೆ ನೀವೇ ಕೂಗಿ. ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ‘ಇದ್ದೇನೆ’ ಎನ್ನಬೇಕು, ಗೆಳೆಯರ ಪರವಾಗಿ ಓಗೊಡುವುದು ಕೂಡದು.

ಹೆಜ್ಜೆ 7. ಅದೇ ರಾತ್ರಿ ಬಸ್ ಹತ್ತಬೇಡಿ. ಬೆಂಗಳೂರಿನಿಂದ ಬರುವ ಬಹಳಷ್ಟು ಮಂದಿ ಮಾಡುವ ತಪ್ಪು ಇದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡೈವ್ ಮಾಡಿದ ಮೈಯಲ್ಲಿ ಕರಗಿರುವ ಸಾರಜನಕ, ಎತ್ತರಕ್ಕೆ ಏರಿದಂತೆ ಗುಳ್ಳೆಗಳಾಗಬಹುದು. ವಿಮಾನ ಹತ್ತುವ ಮುನ್ನ ಒಂದು ಡೈವ್ ಆಗಿದ್ದರೆ 12 ಗಂಟೆ, ಹೆಚ್ಚು ಡೈವ್‌ಗಳಾಗಿದ್ದರೆ 18 ಗಂಟೆ ಕಾಯಬೇಕೆಂಬ ನಿಯಮವನ್ನೇ ಘಟ್ಟ ಹತ್ತುವುದಕ್ಕೂ ಅನ್ವಯಿಸಿಕೊಳ್ಳಿ. ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಚೆನ್ನಾಗಿ ನೀರು ಕುಡಿಯಿರಿ, ಮದ್ಯ ಬೇಡ. ಕೀಲುನೋವು, ಮರಗಟ್ಟುವಿಕೆ, ವಿಪರೀತ ಸುಸ್ತು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡೈವ್ ಮಾಡಿ ಬಂದಿದ್ದೇನೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಆಮ್ಲಜನಕ ಕೊಡಲು ಕೇಳಿ.