ಜಿಸ್ಪಾಗೆ ವಾಪಸ್ ಬಂದು ಮಲಗಿದ್ದಕ್ಕೇ ಲೇಹ್ ಸಿಕ್ಕಿತು

ಮನಾಲಿ–ಲೇಹ್ ದಾರಿಯಲ್ಲಿ ಸೈಕಲ್ ತಂಡ ಕರೆದುಕೊಂಡು ಹೋಗುವವರಿಗೆ ಸರ್ಚು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ: ಎರಡೂ ಕಡೆ ಎತ್ತರದ ಕಣಿವೆಮಾರ್ಗಗಳಿರುವ, ಡೇರೆಗಳ ತಂಗುದಾಣ ಅದು. ನನ್ನ ಮೊದಲ ಎರಡು ತಂಡಗಳೂ ಮುರಿದದ್ದು ಅಲ್ಲೇ.

ಮೊದಲ ವರ್ಷ ಹನ್ನೊಂದು ಜನ. ವಾರವಾರ ನಂದಿ ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಂಡ ಬೆಂಗಳೂರಿನವರೇ ಜಾಸ್ತಿ. ಕೇಲಾಂಗ್ ಪಟ್ಟಣ ದಾಟಿದ ಮೇಲೆ ಸಿಗುವ ಜಿಸ್ಪಾ ಹಳ್ಳಿಯಲ್ಲಿ ಒಂದೇ ರಾತ್ರಿ, ಮರುದಿನ ಏರಿನ ನಡುವಿನ ತಂಗುದಾಣ ಜಿಂಗ್‌ಜಿಂಗ್‌ಬಾರ್, ಆಮೇಲೆ ಬಾರಾಲಾಚಾ ಕಣಿವೆಮಾರ್ಗ ದಾಟಿ ಸರ್ಚು. ರಾತ್ರಿ ಎರಡಕ್ಕೆ ತಂಡದ ಎಲ್ಲರಿಗಿಂತ ಜೋರು ಸವಾರರಿಗೇ ವಾಂತಿ, ನಡೆದರೆ ಜೋಲಿ. ಎತ್ತರದ ಕಾಯಿಲೆ, ಬೇಗ ಕೆಳಗಿಳಿಸಬೇಕು. ಇಳಿಸೋಣ ಅಂದ್ರೆ ಎಲ್ಲಿಗೆ? ಕೇಲಾಂಗ್ ಕಡೆ ಹೋದರೆ 4,900 ಮೀಟರ್ ಹತ್ತಿರದ ಬಾರಾಲಾಚಾ ಮತ್ತೆ ಹತ್ತಬೇಕು. ಲೇಹ್ ಕಡೆ ನಕೀ ಲಾ, ಲಾಚುಲುಂಗ್ ಲಾ ಏರುಗಳು (ಲಾ ಅಂದ್ರೆ ಕಣಿವೆಮಾರ್ಗ). ಕೊನೆಗೆ ಆಕ್ಸಿಜನ್ ಹಾಕಿ ಬಾರಾಲಾಚಾ ಮೇಲೇ ಕೇಲಾಂಗ್‌ಗೆ ಸಾಗಿಸಿದೆವು. ಹುಷಾರಾದರು. ಹಣ ವಾಪಸ್ ಕೊಟ್ಟು ಆ ವರ್ಷ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಕಳೆದುಕೊಂಡೆ.

ಮೂರನೇ ವರ್ಷ ಲೆಕ್ಕ ಬದಲಿಸಿದೆ. ಜಿಸ್ಪಾದಲ್ಲಿ ಮೂರು ರಾತ್ರಿ. ಒಂದು ದಿನ ದೀಪಕ್ ತಾಲ್ ಸರೋವರದ ತನಕ ಹೋಗಿ ವಾಪಸ್. ಮರುದಿನ ಜಿಂಗ್‌ಜಿಂಗ್‌ಬಾರ್ ವರೆಗೆ ತುಳಿದು, ಸೈಕಲ್‌ಗಳನ್ನು ಢಾಬಾದಲ್ಲಿ ಬಿಟ್ಟು, ಗಾಡಿಯಲ್ಲಿ ಇಳಿದು ಸಾವಿರ ಮೀಟರ್ ಕೆಳಗಿನ ಜಿಸ್ಪಾದಲ್ಲೇ ನಿದ್ದೆ. ಅದರ ಮರುದಿನ ಮತ್ತೆ ಅಲ್ಲಿಗೆ ಹೋಗಿ ಒಂದು ರಾತ್ರಿ. ಆಮೇಲೇ ಸರ್ಚು. "ದುಡ್ಡು ಕೊಟ್ಟವರು ಹಿಂದಕ್ಕೆ ಬರಲು ಒಪ್ತಾರಾ?" ಅಂತ ಮನಾಲಿಯ ಗೆಳೆಯರು ಕೇಳಿದರು. ತಲೆಗೆ ಮೂರೂವರೆ ಸಾವಿರ ಜಾಸ್ತಿ ಆಯಿತು. ಒಪ್ಪಿದರು. ರೋಹ್ತಾಂಗ್ ಕಣಿವೆಮಾರ್ಗವನ್ನು ತಪ್ಪಿಸುವ ಅಟಲ್ ಸುರಂಗ 2020ರಲ್ಲಿ ತೆರೆದಿದ್ದರೂ ನಾನು ರೋಹ್ತಾಂಗ್ ಹತ್ತಿಸಿಯೇ ಕರೆದೊಯ್ಯುತ್ತೇನೆ. ದೇಹ ಒಗ್ಗುವುದಕ್ಕೆ ಅದು ಬೇಕು, ಈಗ ಅಲ್ಲಿ ಲಾರಿಗಳ ಕಾಟವೂ ಕಡಿಮೆ.

ಜೋರು ಸವಾರರ ಮುಂದೆ ನಮ್ಮ ಹುಡುಗನೊಬ್ಬ ಇರುತ್ತಾನೆ, ಅವನನ್ನು ಯಾರೂ ದಾಟುವಂತಿಲ್ಲ. ಮಾತಾಡುತ್ತಾ ತುಳಿಯಲು ಆಗದಿದ್ದರೆ ಇಳಿದು ತಳ್ಳಬೇಕು. ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಹಿಮ ಕರಗಿ ನೀರು ಏರುವ ಮುಂಚೆ, ಬೆಳಿಗ್ಗೆ ಒಂಬತ್ತರೊಳಗೆ ದಾಟಿಬಿಡಬೇಕು.

ಊಟದಲ್ಲೂ ಪ್ರಯೋಗ ನಡೆಯಿತು. ಸರ್ಚುವಿನಲ್ಲಿ ಮುದ್ದೆ ಮಾಡಿಸಿದೆ. ಅಷ್ಟು ಎತ್ತರದಲ್ಲಿ ನೀರು 86 ಡಿಗ್ರಿ ಸುಮಾರಿಗೇ ಕುದಿಯುತ್ತದೆ, ಎಷ್ಟು ಬೇಯಿಸಿದರೂ ಹಿಟ್ಟಿನ ಹಸಿ ವಾಸನೆ ಹೋಗಲಿಲ್ಲ. ಆದರೆ ರಾಗಿ ಹುರಿಹಿಟ್ಟು, ಬೆಲ್ಲ, ಹಾಲಿನ ಪುಡಿ ಕಲಸಿಕೊಟ್ಟರೆ ಹಸಿವೇ ಇಲ್ಲ ಅಂದವರೂ ತಿನ್ನುತ್ತಾರೆ. ರಾತ್ರಿ ಕೊಡುವ ಸಾರಿಗೆ ಏನು ಹಾಕುತ್ತೇನೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ.

ಹೋದ ಸಲ ಹತ್ತಕ್ಕೆ ಹತ್ತೂ ಜನ 5,328 ಮೀಟರ್‌ನ ತಂಗ್ಲಂಗ್ ಲಾವನ್ನು ತಮ್ಮ ಕಾಲಲ್ಲೇ ಹತ್ತಿದರು. ಸುಸ್ತಾದವರನ್ನು ಹತ್ತಿಸಿಕೊಳ್ಳುವ ಗಾಡಿ ಖಾಲಿಯಾಗಿಯೇ ಹಿಂದೆ ಹಿಂದೆ ಬಂತು. ಕೈಗೆ ನಲವತ್ತು ಸಾವಿರ ಉಳಿಯಿತು. ಮುಂದಿನ ಜುಲೈಗೆ ತಂಗ್ಲಂಗ್ ಲಾ ಏರಿಗೆ ಮುಂಚೆ ಸಿಗುವ ಡೆಬ್ರಿಂಗ್‌ನಲ್ಲಿ ಒಂದು ರಾತ್ರಿ ಸೇರಿಸಬೇಕು ಅಂತಿದ್ದೇನೆ. ಮೋರೆ ಬಯಲಿನ ಮಧ್ಯಾಹ್ನದ ಎದುರುಗಾಳಿ ತಿಂದು, ಅದೇ ದಿನ ಆ ಏರಿಗೆ ಹೋಗುವುದು ತಪ್ಪುತ್ತದೆ. ತಲೆಗೆ ಇನ್ನೊಂದು ಸಾವಿರದ ಎಂಟುನೂರು ಆಗಬಹುದು.